ಮಕ್ಕಳ ಕೋಣೆಯ ಇಲಿಮರಿ

ಆ ದಿನ ಆಯಮ್ಮ ಗಿರಣಿಯಿಂದ ಮನೆಗೆ ಬಂದಾಗ ಅವಳ ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ ಇತ್ತು. ಇನ್ನೊಂದು ಎಲ್ಲಿ ಬಿತ್ತೋ ಗೊತ್ತಿಲ್ಲ. ಬಿದ್ದದ್ದೇ ಅವಳ ಗಮನಕ್ಕೆ ಬಂದಿರಲಿಲ್ಲ. ಬಾಗಿಲು ತೆಗೆದ ಸೊಸೆ ಅವಳ ಕಾಲು ನೋಡಿ, ಆಮೇಲೆ ಮುಖ ನೋಡಿ, "ಏನತ್ತೆ, ಯಾರು ಹೋದ್ರು?" ಎಂದು ಕೇಳಿದಳು. ಬೆಳಿಗ್ಗೆ ಹಲ್ಲು ಕೀಳಿಸಿಕೊಂಡು ಬಂದಿದ್ದ ಸೊಸೆಯ ಕೆನ್ನೆಯೊಳಗೆ ಇನ್ನೂ ಹತ್ತಿಯುಂಡೆ ಇತ್ತು. ಆಯಮ್ಮ ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಜೊತೆಗೆ ಬಂದ ನಾದಿನಿ ಮಾತ್ರ ನಗುನಗುತ್ತಾ ಒಳಗೆ ಹೋಗಿ, ಕುರ್ಚಿ ಎಳೆದು ಕೂತು, "ತಿನ್ನೋಕೇನಿದೆ?" ಎಂದಳು.

ಮಾತಿಗೆ ತಡವರಿಸಿದವಳಲ್ಲ ಆಯಮ್ಮ. ನೂಲಿನ ಗಿರಣಿಯಲ್ಲಿ ಹೆಂಗಸರು ಯಂತ್ರದ ಮುಂದೆ ನಿಂತಿರುವಾಗ ಅವರ ಕೂಸುಗಳನ್ನು ನೋಡಿಕೊಳ್ಳಲು ಒಂದು ಕೋಣೆ ಇದೆ. ಅದಕ್ಕೆ ಮಕ್ಕಳ ಕೋಣೆ ಎನ್ನುತ್ತಾರೆ. ಉದ್ದನೆಯ ಕೋಣೆ, ಗೋಡೆಗುಂಟ ಕಬ್ಬಿಣದ ತೊಟ್ಟಿಲುಗಳು, ಎತ್ತರದಲ್ಲಿ ಸಣ್ಣ ಕಿಟಕಿಗಳು. ಗೋಡೆಯ ಆಚೆಗೇ ಯಂತ್ರಗಳು. ಗೋಡೆಗೆ ಕೈ ಇಟ್ಟರೆ ಅಂಗೈ ಜುಮ್ಮೆನ್ನುತ್ತದೆ. ಮದುವೆಯಾದ ಹೊಸದರಲ್ಲಿ ಆ ಕೋಣೆಗೆ ಬಂದ ಆಯಮ್ಮ ಮಂಡಿ ಸವೆಯುವವರೆಗೂ ಅಲ್ಲೇ ಇದ್ದಳು. ಗಂಡ ತೀರಿಕೊಂಡ ವರ್ಷವೂ ಒಂದು ವಾರದ ಮೇಲೆ ರಜೆ ಹಾಕಲಿಲ್ಲ. ತೊಟ್ಟಿಲಿನಿಂದ ಎತ್ತಿದ ಕೂಸುಗಳು ದೊಡ್ಡವರಾಗಿ, ಅದೇ ಗಿರಣಿ ಸೇರಿ, ತಮ್ಮ ಕೂಸುಗಳನ್ನು ತಂದು ಅವಳ ಮಡಿಲಿಗೇ ಹಾಕಿದರು.

ಆ ಕೋಣೆಯಲ್ಲಿ ಅವಳದೊಂದು ರೂಢಿ ಇತ್ತು. ಹೊಸ ಕೂಸು ಬಂದರೆ ಮೊದಲು ಅದನ್ನು ಅಂಗಾತ ಮಲಗಿಸಿ, ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅಂಗಾಲಿಗೆ ಮುಟ್ಟಿಸುವಳು. ಥಟ್ಟನೆ ಕಾಲೆಳೆದು ಅಳುವ ಕೂಸು ಒಂದು ತರಹ. ಕಾಲೆಳೆದು ಸುಮ್ಮನೆ ದಿಟ್ಟಿಸುವುದು ಇನ್ನೊಂದು ತರಹ. ಇನ್ನೊಮ್ಮೆ ಮುಟ್ಟಿಸಲಿ ಎನ್ನುವಂತೆ ಕಾಲು ಚಾಚುವವೂ ಇದ್ದವು. ಮೊದಲ ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕಣ್ಣಿಟ್ಟು ನೋಡಿ ಅದಕ್ಕೊಂದು ಹೆಸರಿಡುವಳು. ಗುಡುಗಪ್ಪ, ತಂಪು, ಗೊಣಗ, ಕುಂಟುನೆಪ. ತಾಯಂದಿರು ಆ ಹೆಸರಿಗಾಗಿ ಪರೀಕ್ಷೆಯ ಫಲಿತಾಂಶಕ್ಕೆ ಕಾದಂತೆ ಕಾಯುತ್ತಿದ್ದರು. ಒಮ್ಮೆ ಇಟ್ಟರೆ ಮುಗಿಯಿತು, ಹೆಸರು ಅಂಟಿಕೊಳ್ಳುತ್ತಿತ್ತು. ಮೀಸೆ ಬಂದ ಮೇಲೂ ಗಿರಣಿಯ ಗೇಟಿನಲ್ಲಿ "ಏ ಗೊಣಗ, ಬೀಡಿ ಇದ್ಯೇನೋ" ಎಂದು ಕರೆಸಿಕೊಂಡವರಿದ್ದಾರೆ.

"ಹುಟ್ಟುಗುಣ ಸುಟ್ಟರೂ ಹೋಗಲ್ಲ. ನಾನು ತೊಟ್ಟಿಲಲ್ಲಿ ನೋಡಿದ್ದನ್ನೇ ನೀವು ಮಂಟಪದಲ್ಲಿ ನೋಡೋದು" ಎನ್ನುತ್ತಿದ್ದಳು ಆಯಮ್ಮ. ಹುಡುಗಿಗೆ ಗಂಡು ಗೊತ್ತು ಮಾಡುವ ಮೊದಲು ಬಂದು, "ಆಯಮ್ಮ, ಅವನು ನಿಮ್ಮ ಕೋಣೇಲಿದ್ನಲ್ಲ, ಹೇಗಿದ್ದ?" ಎಂದು ಕೇಳಿಕೊಂಡು ಹೋದವರು ಕಡಿಮೆಯಲ್ಲ.

ಅವಳ ಮಗನೂ ಆ ಕೋಣೆಯಲ್ಲೇ ಬೆಳೆದವನು. ಅವನಿಗೆ ಅವಳಿಟ್ಟ ಹೆಸರು ಮೂಟೆ. ಹತ್ತಿಮೂಟೆಯ ಹಾಗೆ ಇಟ್ಟಲ್ಲೇ ಇರುವನು, ಎತ್ತಿಟ್ಟಲ್ಲಿ ಹೋಗುವನು. "ನನ್ನ ಮಗ ತೊಟ್ಟಿಲಲ್ಲೇ ಸನ್ಯಾಸಿ" ಎಂದು ಹೇಳಿಯೇ ಸೊಸೆಯನ್ನು ತಂದದ್ದು. ಆ ಸನ್ಯಾಸಿ ಬಸ್ಸಿನ ಡ್ರೈವರಾದ. ದಾರಿಗೆ ಅಡ್ಡ ಬಂದವರ ಏಳು ತಲೆಮಾರನ್ನೂ ವಿಚಾರಿಸಿಕೊಳ್ಳುತ್ತಿದ್ದ. ಸಾರಿಗೆ ಉಪ್ಪು ಜಾಸ್ತಿಯಾದರೆ ಪಕ್ಕದ ಮನೆಯವರಿಗೂ ಗೊತ್ತಾಗುತ್ತಿತ್ತು. "ಅತ್ತೆ, ನಿಮ್ಮ ಸನ್ಯಾಸಿ ಇವತ್ತು ತಟ್ಟೆ ಎಸೆದ್ರು" ಎಂದು ಸೊಸೆ ಅಡಿಗೆಮನೆಯಿಂದ ವರದಿ ಒಪ್ಪಿಸುತ್ತಿದ್ದಳು. ಆಯಮ್ಮ ತಲೆ ಅಲ್ಲಾಡಿಸುತ್ತಾ, "ಎಲ್ಲಿಂದ ಬಂತೋ ಈ ಸಿಟ್ಟು. ಟ್ರಾಫಿಕ್ಕು ಕಣೆ, ಟ್ರಾಫಿಕ್ಕು ಅವನನ್ನ ಕೆಡಿಸ್ತು" ಎನ್ನುವಳು.

ಕೆಟ್ಟವನು ಅವನೊಬ್ಬನೇ ಅಲ್ಲ. ತಂಪು ಎಂದು ಹೆಸರಿಟ್ಟ ಹುಡುಗಿ ಈಗ ನೂಲುವ ವಿಭಾಗದ ತಂಪಕ್ಕ. ಹೆಸರು ತಂಪು, ನಾಲಿಗೆ ಕೆಂಡ. ಯಂತ್ರದ ಸದ್ದನ್ನು ಮೀರಿಸುವ ಗಂಟಲು ಅವಳೊಬ್ಬಳಿಗೇ ಇರುವುದು. ಅದಕ್ಕೂ ಆಯಮ್ಮನ ಬಳಿ ಉತ್ತರ ಸಿದ್ಧವಿತ್ತು. ಗಂಡನ ಸಹವಾಸ. ಇನ್ನೊಬ್ಬರಿಗೆ ನೆರೆಹೊರೆ, ಮತ್ತೊಬ್ಬರಿಗೆ ಕಾಲ ಕೆಟ್ಟಿತು. ತಾನು ನೋಡಿದ್ದು ತಪ್ಪಿರಬಹುದೆಂದು ಮಾತ್ರ ಅವಳಿಗೆ ಎಂದೂ ಹೊಳೆಯಲಿಲ್ಲ. ಹೇಗೆ ಹೊಳೆದೀತು? ಅವಳು ಕಣ್ಣಾರೆ ನೋಡಿದ್ದಳು.

ಕಣ್ಣಾರೆ ನೋಡದ್ದು ದಿನದಲ್ಲಿ ಒಂದೇ ಹೊತ್ತು. ಮಧ್ಯಾಹ್ನ ಮಕ್ಕಳಿಗೆ ಉಣ್ಣಿಸಿದ ಮೇಲೆ ಒದ್ದೆ ಬಟ್ಟೆಗಳ ಬುಟ್ಟಿ ಹೊತ್ತು ಹಿಂದಿನ ಶೆಡ್ಡಿಗೆ ಹೋಗುವಳು. ಹಂಡೆಯಲ್ಲಿ ಸೋಡಾಪುಡಿ ಹಾಕಿ ಬಟ್ಟೆ ಕುದಿಸಿ, ಕೋಲಿನಿಂದ ತಿರುವಿ, ಜಾಲಿಸಿ, ಹಿಂಡಿ, ತಂತಿಗೆ ಹರವುವಳು. ಆ ಹೊತ್ತಿಗೆ ಮಕ್ಕಳನ್ನು ಮಲಗಿಸುವ ಕೆಲಸ ಅವಳ ನಾದಿನಿಯದು, ಗಂಡನ ತಂಗಿ. ಮದುವೆಯಾಗದೆ ಉಳಿದವಳು, ಅತ್ತಿಗೆಯ ಜೊತೆ ಅದೇ ಕೋಣೆಗೆ ಸೇರಿದವಳು. ಆಯಮ್ಮ ಬಿಸಿನೀರಿಗೆ ಬೆಂದು ಸುಕ್ಕಾದ ಕೈಗಳನ್ನು ಒರೆಸಿಕೊಳ್ಳುತ್ತಾ ಒಳಗೆ ಬಂದರೆ ಒಂದು ಕೂಸಿನ ದನಿಯೂ ಇರುತ್ತಿರಲಿಲ್ಲ. ಸಾಲಾಗಿ ಮಲಗಿದ ಕೂಸುಗಳು. ಗೋಡೆಯಾಚೆ ಯಂತ್ರಗಳು ಹುಚ್ಚು ಹಿಡಿದಂತೆ ಕೂಗುತ್ತಿದ್ದರೂ ಒಂದೂ ಮಿಸುಕುತ್ತಿರಲಿಲ್ಲ.

"ನಿನ್ನ ಕೈಲಿ ಜಾದೂ ಇದೆ ಕಣೆ" ಎನ್ನುವಳು ಆಯಮ್ಮ. ನಾದಿನಿ ನಾಚಿಕೊಂಡು, "ಏನಿಲ್ಲ ಅತ್ತಿಗೆ, ಬೆನ್ನು ತಟ್ಟಿದೆ ಅಷ್ಟೇ" ಎನ್ನುವಳು.

ಆ ಜಾದೂಗೆ ಸಿಗದ ಕೂಸು ಒಂದೇ ಒಂದು. ಎರಡು ವರ್ಷದ ಹೆಣ್ಣುಮಗು, ಕಡ್ಡಿಯಂಥ ಕೈಕಾಲು. ಅದು ಕಚ್ಚುತ್ತಿತ್ತು. ಹಾಗೆಂದು ಬೇರೆ ಮಕ್ಕಳನ್ನು ಕಚ್ಚಿದ್ದಿಲ್ಲ, ಆಯಮ್ಮನನ್ನೂ ಕಚ್ಚಿದ್ದಿಲ್ಲ. ಕಚ್ಚಿದ್ದೆಲ್ಲ ನಾದಿನಿಯನ್ನೇ, ಅದೂ ಮಧ್ಯಾಹ್ನವೇ. ಒಮ್ಮೆ ಹೆಬ್ಬೆರಳ ಬುಡಕ್ಕೆ ಹಲ್ಲೂರಿದ್ದು ಹುಣ್ಣಾಗಿ, ವಾಸಿಯಾದ ಮೇಲೂ ಉಗುರಿನಾಕಾರದ ಬಿಳಿ ಗುರುತು ಉಳಿಯಿತು. ಆಯಮ್ಮ ಇದನ್ನೆಲ್ಲ ಸರಿಯಾಗಿಯೇ ಗಮನಿಸಿದ್ದಳು. ಗಮನಿಸಿ, "ಹೊಟ್ಟೆ ತುಂಬಿದ ಮೇಲೆ ಕೊಬ್ಬು" ಎಂದು ತೀರ್ಪು ಕೊಟ್ಟಳು. ಇಲಿಮರಿ ಎಂದು ಹೆಸರಿಟ್ಟಳು. ಮಧ್ಯಾಹ್ನವಾದರೆ ಅದನ್ನು ಮೂಲೆಯ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂರಿಸುವರು. ಉಳಿದವೆಲ್ಲ ಮಲಗಿರುವಾಗ ಇದೊಂದು ಗೋಡೆ ನೋಡುತ್ತಾ ಎಚ್ಚರವಾಗಿ ಕೂತಿರುತ್ತಿತ್ತು. ಅದರ ತಾಯಿಗೆ ಆಯಮ್ಮ ಎಲ್ಲರೆದುರೇ ಹೇಳಿದ್ದಳು: "ಇವಳನ್ನ ಬಿಗಿಯಾಗಿ ಹಿಡ್ಕೊ. ಉಣ್ಣಿಸೋ ಕೈನೇ ಕಚ್ಚೋ ಜಾತಿ ಇದು."

ಆ ಮಾತು ಇಲಿಮರಿಯ ಬೆನ್ನು ಬಿಡಲಿಲ್ಲ. ಶಾಲೆಯಲ್ಲಿ ಪಕ್ಕ ಕೂರಲು ಮಕ್ಕಳು ಹೆದರಿದರು. ದೊಡ್ಡವಳಾದ ಮೇಲೆ ಎರಡು ಕಡೆಯಿಂದ ಗಂಡಿನವರು ಬಂದು ನೋಡಿ ಹೋದರು. ಹೋದವರು ಆಯಮ್ಮನ ಮನೆ ದಾಟಿಕೊಂಡೇ ಹೋಗಬೇಕಿತ್ತು, ಮತ್ತೆ ಬರಲಿಲ್ಲ. ಅವಳು ಬೇರೆ ಊರಿಗೆ ಹೋಗಿ ಮಕ್ಕಳ ಆರೈಕೆಯ ತರಬೇತಿ ಪಡೆದಳು, ಅಲ್ಲಿನ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದಳು. ಈಗ ಅವಳ ತಾಯಿಗೆ ವಯಸ್ಸಾಗಿತ್ತು. ಆಯಮ್ಮನ ಮಂಡಿಯೂ ಸೋತಿತ್ತು. ಮಕ್ಕಳ ಕೋಣೆಗೆ ಹೊಸಬರು ಬೇಕೆಂದು ಗೊತ್ತಾಗಿ ಅರ್ಜಿ ಹಾಕಿದಳು.

"ಇಲಿಮರೀನಾ?" ಎಂದು ಆಯಮ್ಮ ಗಹಗಹಿಸಿ ನಕ್ಕಳು. "ಇಲೀನ ಕಾಳಿನ ಕಣಜಕ್ಕೆ ಕಾವಲಿಡ್ತೀರಾ?"

ಮ್ಯಾನೇಜರ್ ನಗಲಿಲ್ಲ. "ಅವರ ಕಾಗದಪತ್ರ ಚೆನ್ನಾಗಿದೆ ಆಯಮ್ಮ. ಆದ್ರೆ ತಾಯಂದಿರು ನಿಮ್ಮ ಮಾತು ಕೇಳ್ತಾರೆ. ಒಂದು ವಾರ ಜೊತೇಲಿಟ್ಕೊಂಡು ನೋಡಿ. ನೀವು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ."

ಆ ವಾರ ಆಯಮ್ಮ ನೋಡಿದಳು. ಹುಡುಗಿ ಮಾತು ಕಡಿಮೆ. ಕೂಸು ಅತ್ತರೆ ಓಡಿಹೋಗಿ ಎತ್ತುವುದಿಲ್ಲ. ಒಂದು ಗಳಿಗೆ ನಿಂತು ಕೇಳಿಸಿಕೊಂಡು, ಆಮೇಲೆ ಎತ್ತುತ್ತಾಳೆ. ಇನ್ನೊಂದು ವಿಚಿತ್ರ: ಚಮಚ ಮುಟ್ಟುವುದಿಲ್ಲ. ಮಕ್ಕಳಿಗೆ ಹಾಲು, ಅಂಬಲಿ ಎಲ್ಲವನ್ನೂ ಪುಟ್ಟ ಲೋಟಕ್ಕೆ ಹಾಕಿ, ತುಟಿಗೆ ತಾಗಿಸಿ, ಅವೇ ಹೀರುವವರೆಗೆ ಕಾಯುತ್ತಾಳೆ. ತನ್ನ ಟೀಗೆ ಸಕ್ಕರೆಯನ್ನೂ ಲೋಟ ಅಲ್ಲಾಡಿಸಿಯೇ ಕರಗಿಸುತ್ತಾಳೆ.

"ಚಮಚ ಏನು ನಿನ್ನ ಶತ್ರುವೇನೇ?" ಎಂದು ಕೇಳಿದಳು ಆಯಮ್ಮ.

"ಗೊತ್ತಿಲ್ಲ ಆಯಮ್ಮ. ಮುಂಚಿನಿಂದ್ಲೂ ಅಷ್ಟೇ. ಬಾಯಿ ಹತ್ರ ಬಂದ್ರೆ ಹಲ್ಲು ತಾನಾಗೇ ಕಚ್ಕೊಳ್ಳುತ್ತೆ."

"ನೋಡಿದ್ಯಾ, ಹಲ್ಲು! ಹುಟ್ಟುಗುಣ." ಆಯಮ್ಮನಿಗೆ ಸಮಾಧಾನವಾಯಿತು. ಊಹೂಂ ಎನ್ನುವುದೆಂದು ಅವತ್ತೇ ನಿಶ್ಚಯವಾಯಿತು. ಇಲಿಮರಿಗೂ ಅದು ತಿಳಿಯಿತೋ ಏನೋ, ಸಂಜೆ ತೊಟ್ಟಿಲ ಹೊದಿಕೆ ಮಡಚುತ್ತಾ, "ಈ ಕೆಲಸ ಸಿಗದಿದ್ರೆ ಅಮ್ಮನ್ನ ಬಿಟ್ಟು ಮತ್ತೆ ಹೊರಗೆ ಹೋಗ್ಬೇಕು" ಎಂದಷ್ಟೇ ಹೇಳಿದಳು.

ತೀರ್ಪಿನ ದಿನ ಬಂತು. ಊಟದ ಬಿಡುವಿನಲ್ಲಿ ತಾಯಂದಿರೆಲ್ಲ ಮಕ್ಕಳ ಕೋಣೆಯಲ್ಲಿ ಸೇರುವುದೆಂದು ಆಗಿತ್ತು. ಅವತ್ತೇ ಸೊಸೆಗೆ ಹಲ್ಲುನೋವು ಜೋರಾಗಿ ಡಾಕ್ಟರ ಬಳಿ ಹೋಗಬೇಕಾಯಿತು. ನಾದಿನಿಯನ್ನು ಮನೆಯಲ್ಲಿ ಒಬ್ಬಳೇ ಬಿಡುವಂತಿರಲಿಲ್ಲ. ಎರಡು ವರ್ಷದಿಂದ ಅವಳ ನೆನಪು ಸಡಿಲವಾಗಿ, ಕೋಣೆಯ ಕೆಲಸ ಬಿಟ್ಟು ಮನೆಯಲ್ಲೇ ಇದ್ದಳು. ಇಂದು ನಾಳೆ ತಿಳಿಯದು, ಹೊರಗೆ ಹೋದರೆ ಮನೆ ತಿಳಿಯದು. ಆಯಮ್ಮ ಅವಳನ್ನು ಕೈ ಹಿಡಿದು ಕರೆತಂದು ಕೋಣೆಯ ಬೆಂಚಿನ ಮೇಲೆ ಕೂರಿಸಿದಳು. ಪಕ್ಕದಲ್ಲಿ ಅವಳ ಚೀಲ. ಅದರಲ್ಲಿ ಬಾಚಣಿಗೆ, ಬಿಸ್ಕತ್ತು, ಡಾಕ್ಟರು ಬರೆದುಕೊಟ್ಟಿದ್ದ ನಿದ್ದೆಯ ಸಿರಪ್ಪಿನ ಇನ್ನೂ ಬಿಚ್ಚದ ಹೊಸ ಬಾಟಲಿ, ಒಂದು ಚಮಚ.

ಗಂಟೆ ಹೊಡೆಯಿತು. ಯಂತ್ರಗಳು ನಿಂತವು. ತಲೆಗೂದಲಿಗೆ ಹತ್ತಿಯ ಎಳೆ ಅಂಟಿಸಿಕೊಂಡ ಹೆಂಗಸರು ಬಂದು ಬಾಗಿಲ ಬಳಿ ಗುಂಪಾದರು. ಎಲ್ಲರ ಮುಂದೆ ತಂಪಕ್ಕ.

"ಬೇಗ ಹೇಳಿ ಆಯಮ್ಮ, ಇನ್ನೂ ಡಬ್ಬಿ ಬಿಚ್ಚಿಲ್ಲ. ನಮ್ಮ ಕೂಸುಗಳನ್ನ ಇವಳ ಕೈಗೆ ಕೊಡಬಹುದೋ ಬೇಡ್ವೋ?"

ಇಲಿಮರಿ ಆಚೆ ತುದಿಯಲ್ಲಿ ಲೋಟಗಳನ್ನು ತೊಳೆಯುತ್ತಿದ್ದಳು, ತಲೆ ಎತ್ತಲಿಲ್ಲ. ಕೋಣೆಯ ನಡುವೆ ಗುಡುಗಪ್ಪ ಎಂಬ ಹೊಸ ಕೂಸು ಕಿರುಚುತ್ತಿತ್ತು. ಆಯಮ್ಮ ಗಂಟಲು ಸರಿಮಾಡಿಕೊಂಡಳು. "ನೋಡ್ರಮ್ಮ, ನಾನು ಯಾರ ಮೇಲೂ ದ್ವೇಷ ಇಟ್ಕೊಂಡು ಹೇಳೋಳಲ್ಲ. ಹುಟ್ಟುಗುಣ ಅಂತ ಒಂದಿರುತ್ತೆ..."

ಗುಡುಗಪ್ಪನ ಅಳು ಕತ್ತರಿಸಿದಂತೆ ನಿಂತಿತು.

"ನೋಡಿ!" ಎಂದಳು ಆಯಮ್ಮ, ಹೆಮ್ಮೆಯಿಂದ ಕೈ ಎತ್ತಿ. "ನನ್ನ ನಾದಿನಿ ಎತ್ಕೊಂಡಿರ್ಬೇಕು. ನೆನಪು ಹೋದ್ರೂ ಕೈಗುಣ ಹೋಗಿಲ್ಲ" ಎನ್ನುತ್ತಾ ತಿರುಗಿದಳು.

ನಾದಿನಿ ಬೆಂಚಿನ ಮೇಲೆ ಕೂತಿದ್ದಳು. ಕೂಸು ಅವಳ ತೊಡೆಯ ಮೇಲೆ. ಅದರ ಎರಡೂ ಕೈಗಳು ಅವಳ ಕಂಕುಳಡಿ ಸಿಕ್ಕಿಕೊಂಡಿದ್ದವು. ಎಡಗೈಯ ಎರಡು ಬೆರಳಲ್ಲಿ ಅದರ ಮೂಗು ಹಿಡಿದಿದ್ದಳು, ಅದೇ ಕೈಯ ಹೆಬ್ಬೆರಳು ಗಲ್ಲವನ್ನು ಕೆಳಕ್ಕೆ ಒತ್ತಿತ್ತು. ಬಲಗೈಯಲ್ಲಿ ತುಂಬಿದ ಚಮಚ. ಒಂದು ಹನಿಯೂ ತುಳುಕುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಲಾಗದಂತೆ ನಡುಗುತ್ತಿದ್ದ ಕೈ ಅದು. ಈಗ ನೆಟ್ಟಗಿತ್ತು.

ಕಲಿಯದೆ ಬರುವ ಕೆಲಸ ಅದಲ್ಲ. ಆಯಮ್ಮನಿಗೆ ಅದು ಮೊದಲ ನೋಟಕ್ಕೇ ತಿಳಿಯಿತು. ತಿಳಿದು, ನಿಂತಲ್ಲೇ ನಿಂತಳು.

ಓಡಿದವಳು ಇಲಿಮರಿ. ಒದ್ದೆ ಕೈಯನ್ನೇ ಕೂಸಿನ ಬಾಯಿಗೆ ಅಡ್ಡ ಹಿಡಿದಳು. ಚಮಚ ಅವಳ ಬೆರಳಿಗೆ ತಾಗಿ ನೆಲಕ್ಕೆ ಬಿತ್ತು. ಕೂಸು ಉಸಿರು ಸಿಕ್ಕಿ ಚೀರಿತು.

"ಅಜ್ಜಿ, ಬೇರೆಯವರಿಗೂ ಕೊಟ್ರಾ?" ಎಂದು ಕೇಳಿದಳು ಇಲಿಮರಿ. ದನಿ ಏರಿಸಲಿಲ್ಲ.

ನಾದಿನಿ ಅವಳ ಮುಖವನ್ನು ದಿಟ್ಟಿಸಿದಳು. ತಟಕ್ಕನೆ ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. "ಅಯ್ಯೋ ಅತ್ತಿಗೆ, ಕಚ್ಚೋಳು ಬಂದ್ಲು! ಹಿಡ್ಕೊಳ್ಳಿ ಅವಳನ್ನ!"

 ಇಲಿಮರಿ ನಲ್ಲಿಯಡಿ ಬಟ್ಟೆ ಹಿಡಿದು, ಹಿಂಡಿ, ತೊಟ್ಟಿಲಿಂದ ತೊಟ್ಟಿಲಿಗೆ ಹೋಗಿ ಪ್ರತಿ ಕೂಸಿನ ಅಂಗಾಲಿಗೆ ಮುಟ್ಟಿಸಿದಳು. ಆಯಮ್ಮನದೇ ವಿದ್ಯೆ. ಒಂದು ಕಾಲೆಳೆಯಿತು. ಇನ್ನೊಂದು ಕಾಲೆಳೆದು ಅತ್ತಿತು. ಕೊನೆಯ ತೊಟ್ಟಿಲಿನ ಕೂಸು ಮುಟ್ಟಿಸಿದರೂ ಮಿಸುಕಲಿಲ್ಲ. ಅದರ ತಾಯಿ ಎದೆ ಹಿಡಿದುಕೊಂಡಳು. ಇನ್ನೊಮ್ಮೆ ಮುಟ್ಟಿಸಿದಾಗ ಅದು ಸಿಡುಕಿ ಒದೆಯಿತು. ಇಲಿಮರಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಒಂದೇ ಚಮಚ ಹೋಗಿದೆ, ಅದು ನೆಲದ ಮೇಲಿದೆ. ಯಾರಿಗೂ ಏನೂ ಆಗಿಲ್ಲ" ಎಂದಳು. ಆಗ ಹೆಂಗಸರೆಲ್ಲ ಒಟ್ಟಿಗೆ ಉಸಿರು ಬಿಟ್ಟದ್ದು ಯಂತ್ರ ನಿಂತ ಆ ಮೌನದಲ್ಲಿ ಕೇಳಿಸಿತು.

ಆಯಮ್ಮ ಬೆಂಚಿನ ಮುಂದೆ ನೆಲದ ಮೇಲೆ ಕುಸಿದು ಕೂತಳು. "ಏನೇ ಇದು? ಯಾವಾಗಿಂದ್ಲೇ?"

"ಏನತ್ತಿಗೆ, ಹೊಸಬರ ಥರ ಕೇಳ್ತೀರಿ?" ನಾದಿನಿಗೆ ಆಶ್ಚರ್ಯ. "ಕೂಸು ಅತ್ರೆ ತಾಯಂದಿರು ಯಂತ್ರ ಬಿಟ್ಟು ಓಡಿಬರ್ತಾರೆ, ಕೋಣೆ ಮುಚ್ಚಿಸ್ತೀನಿ ಅಂತ ದೊಡ್ಡ ಸಾಹೇಬ್ರು ಅಂದಿರ್ಲಿಲ್ವಾ? ಕೋಣೆ ಮುಚ್ಚಿದ್ರೆ ನಾವೆಲ್ಲಿಗೆ ಹೋಗೋದು? ಕಪಾಟಿನ ತುಂಬಾ ಕೆಮ್ಮಿನ ಔಷಧಿ ಇತ್ತು. ಒಂದೊಂದು ಚಮಚ. ಪಾಪ, ಎಲ್ಲವೂ ಹಕ್ಕಿಮರಿ ಹಾಗೆ ಬಾಯಿ ಬಿಡ್ತಿದ್ವು. ಈ ಕಚ್ಚೋಳು ಒಬ್ಬಳೇ ಬಾಯಿ ಬಿಡ್ತಿರ್ಲಿಲ್ಲ."

ಕಪಾಟು ಇತ್ತು ನಿಜ. ನೂಲಿನ ಧೂಳಿಗೆ ಗಿರಣಿಯಲ್ಲಿ ಎಲ್ಲರಿಗೂ ಕೆಮ್ಮು. ಆ ಔಷಧಿಯ ಬಾಟಲಿಗಳನ್ನು ಲೆಕ್ಕವಿಟ್ಟವರಿಲ್ಲ.

"ನನ್ನ ಮಗನಿಗೂನಾ?" ಆಯಮ್ಮನ ದನಿ ಅವಳಿಗೇ ಬೇರೆಯವರದ್ದಾಗಿ ಕೇಳಿಸಿತು.

"ಅವನಿಗೇ ಮೊದಲು" ಎಂದಳು ನಾದಿನಿ, ಪ್ರೀತಿಯಿಂದ. "ನಮ್ಮನೆ ಮಗ ಅಲ್ವಾ."

ತಂಪಕ್ಕ ಮುಂದೆ ಬಂದಳು. ಅವಳ ಗಂಟಲು ಎಲ್ಲಿ ಹೋಯಿತೋ, ಪಿಸುಮಾತಿನಂತೆ ಬಂತು: "ಆಯಮ್ಮ, ನಾನು ತಂಪು ಅಲ್ಲ ಹಾಗಾದ್ರೆ. ನಂದು ಕೆಂಡದ ಬಾಯಿ ಅಂತ ಗಂಡ ಅಂದ, ಅತ್ತೆ ಅಂದ್ರು, ನಾನೇ ಕೆಟ್ಟುಹೋದೆ ಅಂದ್ಕೊಂಡೆ. ಚಿಕ್ಕಂದಿನಲ್ಲಿ ಎಷ್ಟು ಒಳ್ಳೇವಳಿದ್ದೆ ಅಂತ ನೀವೇ ಹೇಳ್ತಿದ್ರಿ. ನಿಜವಾಗ್ಲೂ ನಾನು ಹೇಗಿದ್ದೆ?"

ಆಯಮ್ಮ ನೆನಪು ಮಾಡಿಕೊಳ್ಳಲು ನೋಡಿದಳು. ಮುಖ ನೆನಪಿತ್ತು, ತೊಟ್ಟಿಲು ನೆನಪಿತ್ತು, ಹಣೆಯ ಮೇಲಿದ್ದ ಮಚ್ಚೆಯೂ ನೆನಪಿತ್ತು. ಆದರೆ ಮಧ್ಯಾಹ್ನ ಮಲಗಿದ್ದು, ಸಂಜೆ ಮಂಪರಿನಲ್ಲಿ ಹೆಗಲಿಗೆ ಒರಗಿದ್ದು ಬಿಟ್ಟು ಬೇರೇನೂ ಇರಲಿಲ್ಲ. "ಗೊತ್ತಿಲ್ಲ ಕಣಮ್ಮ" ಎಂದಳು. ಆ ಕೋಣೆಯಲ್ಲಿ ಆ ಮಾತನ್ನು ಅವಳು ಮೊದಲ ಸಲ ಆಡಿದ್ದು. ಆಡಿದ ಮೇಲೆ ಸಾಲು ತೊಟ್ಟಿಲುಗಳತ್ತ ತಿರುಗಿದಳು. ಯಾವುದಾದರೊಂದು ಕೂಸು, ಯಾವುದೋ ಒಂದು ಮಧ್ಯಾಹ್ನ, ಏಳದೆ ಹೋಗಿದ್ದರೆ?

ಇಲಿಮರಿ ನೆಲದ ಮೇಲಿನ ಅಂಟನ್ನು ಒರೆಸುತ್ತಿದ್ದಳು. ಚಮಚದ ಬಳಿ ಬಂದಾಗ ಅವಳ ಕೈ ನಿಂತಿತು. "ನಂಗೇನೂ ನೆನಪಿಲ್ಲ" ಎಂದಳು. "ಗೋಡೆ ಮಾತ್ರ ನೆನಪಿದೆ, ಸುಣ್ಣದ ಗೋಡೆ. ಕಚ್ಚೋದು ನನ್ನ ಹುಟ್ಟುಗುಣ ಅಂತ ಎಲ್ರೂ ಹೇಳಿದ್ರು. ನಾನೂ ನಂಬಿದ್ದೆ. ವಾರ್ಡಿನಲ್ಲಿ ಮಕ್ಕಳನ್ನ ಎತ್ಕೊಂಡಾಗೆಲ್ಲ, ನಾನೇ ಎಲ್ಲಿ ಏನು ಮಾಡಿಬಿಡ್ತೀನೋ ಅಂತ ನಂಗೇ ಭಯ ಇತ್ತು. ಅದಕ್ಕೇ ಒಂದು ಗಳಿಗೆ ನಿಂತು ಆಮೇಲೆ ಎತ್ಕೊಳ್ಳೋದು."

ಆಯಮ್ಮ ಆ ನಿಲ್ಲುವುದನ್ನೂ ನೋಡಿದ್ದಳು. ಕಲ್ಲುಮನಸ್ಸು ಎಂದುಕೊಂಡಿದ್ದಳು.

ಮತ್ತೆ ಗಂಟೆ ಹೊಡೆಯಿತು. ಯಾರೂ ಡಬ್ಬಿ ಬಿಚ್ಚಿರಲಿಲ್ಲ. ಗೋಡೆಯಾಚೆ ಯಂತ್ರಗಳು ಒಂದೊಂದಾಗಿ ಎದ್ದವು, ಕೂಸುಗಳೂ ಒಂದೊಂದಾಗಿ ಅಳಲು ಶುರುಮಾಡಿದವು. ಹೆಂಗಸರು ಹೋಗಲೂ ಆಗದೆ ನಿಲ್ಲಲೂ ಆಗದೆ ಆಯಮ್ಮನ ಮುಖ ನೋಡಿದರು. ತೀರ್ಪು ಇನ್ನೂ ಬಂದಿರಲಿಲ್ಲ.

ಆಯಮ್ಮ ಬೆಂಚು ಹಿಡಿದು ಎದ್ದಳು. "ನನ್ನ ಹೂಂಗೆ ಇನ್ನು ಬೆಲೆ ಇಲ್ಲ. ಆದ್ರೂ ಹೇಳ್ತೀನಿ. ಈ ಕೋಣೇಲಿ ಎಚ್ಚರವಾಗಿದ್ದೋಳು ಇವಳೊಬ್ಬಳೇ. ಮಕ್ಕಳನ್ನ ಇವಳ ಕೈಗೆ ಕೊಡಿ. ಮಧ್ಯಾಹ್ನ ಅತ್ರೆ ಅಳ್ಲಿ. ಅಳು ಕೇಳಿದ್ರೆ ನೀವು ಬನ್ನಿ. ಮ್ಯಾನೇಜರಿಗೆ ನಾನೇ ಹೇಳ್ತೀನಿ, ನಡೆದದ್ದೆಲ್ಲಾನೂ ಹೇಳ್ತೀನಿ."

ಹೇಳಿದಳು. ಮ್ಯಾನೇಜರ ಕೋಣೆಯಲ್ಲಿ ಕೂರೆಂದರೂ ಕೂರದೆ, ನಿಂತುಕೊಂಡೇ ಒಂದೂ ಬಿಡದೆ ಹೇಳಿದಳು. ಆಮೇಲೆ ನಾದಿನಿಯ ಕೈ ಹಿಡಿದು ಮನೆಗೆ ನಡೆದಳು. ಬಿಟ್ಟುಬಿಡಬೇಕೆನ್ನಿಸಿದ ಕೈಯನ್ನೇ ಹಿಡಿಯಬೇಕಾಯಿತು, ರಸ್ತೆಯಲ್ಲಿ ವಾಹನಗಳಿದ್ದವು. ಹೆಬ್ಬೆರಳ ಬುಡದ ಬಿಳಿ ಗುರುತು ಅವಳ ಅಂಗೈಗೆ ತಾಗುತ್ತಿತ್ತು. "ಅತ್ತಿಗೆ, ಇವತ್ತು ಎಲ್ರೂ ಮಲಗಿದ್ರಾ?" ಎಂದು ನಾದಿನಿ ದಾರಿಯುದ್ದಕ್ಕೂ ಕೇಳಿದಳು. ಚಪ್ಪಲಿ ಬಿದ್ದದ್ದು ಅಲ್ಲೇ ಎಲ್ಲೋ.

ಮಗ ಮನೆಗೆ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಬೀದಿಯಲ್ಲೇ ಅವನ ಗಂಟಲು ಕೇಳಿಸಿತು. ಯಾರೋ ಬಾಗಿಲಿಗೆ ಅಡ್ಡವಾಗಿ ಗಾಡಿ ನಿಲ್ಲಿಸಿದ್ದರು. "ಬಂದ್ರು ಸನ್ಯಾಸಿಗಳು" ಎಂದು ಸೊಸೆ ಊದಿದ ಕೆನ್ನೆಯೊಳಗಿಂದಲೇ ಗೊಣಗಿದಳು. ಆಯಮ್ಮ ಯಾವಾಗಲೂ ಹೇಳುವ ಟ್ರಾಫಿಕ್ಕಿನ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಸತ್ತಿತು.

ಕೈಕಾಲು ತೊಳೆದು ಬಂದ ಮಗ ತಾಯಿಯನ್ನು ಗಮನಿಸಲಿಲ್ಲ. ಮೊದಲು ತನ್ನ ಸೋದರತ್ತೆಯ ಬಳಿ ಹೋದ. ದಿನಾ ಸಂಜೆ ಡಾಕ್ಟರು ಹೇಳಿದ ಔಷಧಿ ಕುಡಿಸುವವನು ಅವನೇ. ಊರಿಗೆಲ್ಲ ಕೂಗಾಡುವವನು ಆ ಒಂದು ಹೊತ್ತು ಮಂಡಿಯೂರಿ ಕೂತು, "ಆ ಅನ್ನು ಅತ್ತೆ, ಆ..." ಎಂದು ರಮಿಸುತ್ತಿದ್ದ. ಅವನು ಚೀಲದಿಂದ ಬಾಟಲಿ ತೆಗೆದ. ಚಮಚ ತೆಗೆದ. ಮುದುಕಿ ಹಕ್ಕಿಮರಿಯ ಹಾಗೆ ಬಾಯಿ ತೆರೆದಳು.

"ನೋಡಮ್ಮ" ಎಂದ ಮಗ, ಚಮಚ ತುಂಬುತ್ತಾ. "ಎಷ್ಟು ಸಾಧು. ಅತ್ತೆದು ಹುಟ್ಟುಗುಣ."

"ಹಾಗನ್ಬೇಡ" ಎಂದಳು ಆಯಮ್ಮ. ದನಿ ಎಷ್ಟು ಜೋರಾಗಿ ಬಂತೆಂದರೆ ಸೊಸೆ ಅಡಿಗೆಮನೆಯಿಂದ ಇಣುಕಿದಳು, ಮಗನ ಕೈಯಿಂದ ಔಷಧಿ ತುಳುಕಿತು.

"ಏನಾಯ್ತಮ್ಮ ನಿಂಗೆ? ಯಾಕೆ ಹಾಗೆ ನೋಡ್ತಿದ್ದೀಯ ನನ್ನ?"

ಅವಳು ನೋಡುತ್ತಲೇ ಇದ್ದಳು. ಹುಬ್ಬು ಗಂಟಿಕ್ಕಿಕೊಂಡ, ಕುತ್ತಿಗೆಯ ನರ ಉಬ್ಬಿದ, ನಡುವಯಸ್ಸಿನ ಈ ಗಂಡಸನ್ನು ಹೊಸದಾಗಿ ತೊಟ್ಟಿಲಿಗೆ ತಂದು ಹಾಕಿದ ಕೂಸನ್ನು ನೋಡುವ ಹಾಗೆ ನೋಡಿದಳು.

"ಅತ್ತೆಗೆ ಔಷಧಿ ಹಾಕಿ ಇಲ್ಲಿ ಬಾ. ನನ್ನ ಹತ್ರ ಕೂತ್ಕೊ" ಎಂದಳು. "ಒಂದು ಮಾತು ಹೇಳ್ಬೇಕು. ಹೇಳಿ ಮುಗಿಸೋವರೆಗೆ ಸುಮ್ಮನಿರು. ಆಮೇಲೆ ನಿಂಗೆ ಎಷ್ಟು ಬೇಕೋ ಅಷ್ಟು ಕೂಗು. ನಾನು ಕೇಳಿಸ್ಕೋತೀನಿ."